ವ್ಯಾನಿನ ಸಿಂಕಿನ ನಲ್ಲಿ ತೊಟ್ಟಿಕ್ತಿದ್ಯಾ? ಮೊದ್ಲು ಪಂಪ್ ಸದ್ದು ಕೇಳಿಸ್ಕೊಳ್ಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಬನಶಂಕರಿಯವ್ರು, ನಾನೂ ನಮ್ಮನೆಯವ್ರೂ ಇಬ್ರೂ ರಿಟೈರ್ ಆಗಿದೀವಿ, ಒಂದು ಟೆಂಪೋ ಟ್ರಾವೆಲರ್ ತಗೊಂಡು ಒಳಗೆ ಮಂಚ, ಸಿಂಕು, ಸ್ಟವ್ ಎಲ್ಲಾ ಹಾಕಿಸಿ ಮೋಟರ್‌ಹೋಮ್ ಮಾಡಿಸ್ಕೊಂಡಿದೀವಿ. ಈಗ ಸಿಂಕಿನ ನಲ್ಲಿ ಎಷ್ಟು ಬಿಗಿಯಾಗಿ ಮುಚ್ಚಿದ್ರೂ ತೊಟ್ಟಿಕ್ತಾನೇ ಇರುತ್ತೆ, ರಾತ್ರಿ ಮಲಗಿದ್ರೆ ಸ್ವಲ್ಪ ಹೊತ್ತಿಗೊಂದ್ಸಲ ಪಂಪ್ ಟರ್ರ್ ಅಂತ ಓಡಿ ನಿಲ್ಲುತ್ತೆ, ನಿದ್ದೆ ಬರಲ್ಲ. ಅಪಾರ್ಟ್‌ಮೆಂಟ್ ಪ್ಲಂಬರ್ ಬಂದು ಟೆಫ್ಲಾನ್ ಟೇಪ್ ಸುತ್ತಿ ಹೋದ್ರು, ಏನೂ ಪ್ರಯೋಜನ ಆಗ್ಲಿಲ್ಲ, ಈಗ ನಲ್ಲೀನೇ ಬದಲಾಯ್ಸಿ ಅಂತಿದಾರೆ. ಎರಡು ವರ್ಷಾನೂ ಆಗಿಲ್ಲ ಹಾಕ್ಸಿ. ಒಂದೇ ಹಿಡಿ ಇರೋ ಬಿಸಿನೀರು-ತಣ್ಣೀರು ನಲ್ಲಿ ಅದು. ಮಗ ನಾನೇ ಬಿಚ್ಚಿ ನೋಡ್ತೀನಿ ಅಂತಾನೆ, ಬಿಚ್ಚಬಹುದಾ? ಟ್ಯಾಂಕಿಗೆ ನಾವು ಅಪಾರ್ಟ್‌ಮೆಂಟಿನ ಬೋರ್ ನೀರೇ ತುಂಬಿಸೋದು.

ಉತ್ತರ: ಬಿಚ್ಚಬಹುದು ಮೇಡಂ, ಮಗ ಧೈರ್ಯವಾಗಿ ಬಿಚ್ಲಿ. ನಲ್ಲಿ ಬದಲಾಯ್ಸೋ ಅಗತ್ಯ ಬಹುಶಃ ಬರಲ್ಲ, ಒಳಗಿರೋ ಒಂದು ಸಣ್ಣ ಭಾಗ ಬದಲಾಯಿಸಿದ್ರೆ ಮುಗೀಬಹುದು. ಆದ್ರೆ ಸ್ಪ್ಯಾನರ್ ಹಿಡಿಯೋಕೆ ಮುಂಚೆ ಎರಡು ನಿಮಿಷ ಕೂತು ಪಂಪ್ ಹೇಗೆ ಕೆಲ್ಸ ಮಾಡ್ತಿದೆ ಅಂತ ನೋಡ್ಕೊಳ್ಳಿ, ಯಾಕಂದ್ರೆ ವ್ಯಾನಿನ ನಲ್ಲಿ ಮನೆ ನಲ್ಲಿ ಥರ ಅಲ್ಲ, ಅದರ ಹಿಂದೆ ಪಂಪ್ ಇದೆ, ಬ್ಯಾಟರಿ ಇದೆ, ಇಷ್ಟೇ ಅಂತ ಇರೋ ಟ್ಯಾಂಕ್ ಇದೆ, ಅಷ್ಟನ್ನೂ ಒಟ್ಟಿಗೆ ನೋಡಿದ್ರೇನೇ ಎಲ್ಲಿ ತೊಂದ್ರೆ ಅಂತ ಗೊತ್ತಾಗೋದು.

ನೀವು ಹೇಳಿದ ಟರ್ರ್ ಸದ್ದಿನಿಂದಲೇ ಅರ್ಧ ವಿಷಯ ತಿಳೀತು. ನಿಮ್ಮದು 12 ವೋಲ್ಟಿನ ಪ್ರೆಶರ್ ಪಂಪ್. ಪೈಪ್ ಒಳಗೆ ಪ್ರೆಶರ್ ಇಳಿದ್ರೆ ತಾನಾಗೇ ಆನ್ ಆಗುತ್ತೆ, ಒಂದು ಮಟ್ಟಕ್ಕೆ ಏರಿದ್ರೆ ತಾನಾಗೇ ಆಫ್ ಆಗುತ್ತೆ. ನಲ್ಲಿ ಹನಿ ಹನಿಯಾಗಿ ಸೋರ್ತಾ ಇದ್ರೆ ಪೈಪಿನ ಪ್ರೆಶರ್ ನಿಧಾನಕ್ಕೆ ಇಳೀತಾ ಬರುತ್ತೆ, ಪಂಪ್ ಎದ್ದು ತುಂಬುತ್ತೆ, ಮತ್ತೆ ಇಳಿಯುತ್ತೆ, ಮತ್ತೆ ಏಳುತ್ತೆ. ಇಂಥ ಪಂಪ್‌ಗಳಲ್ಲಿ 35 ಪಿಎಸ್‌ಐಗೆ ಕಟ್ ಆಗೋದು ತುಂಬಾ ಸಿಗುತ್ತೆ, ಅಂದ್ರೆ ಸುಮಾರು 2.4 ಬಾರ್ (ಪಿಎಸ್‌ಐ, ಬಾರ್ ಎರಡೂ ಒತ್ತಡದ ಅಳತೆ). ಮನೇಲಿ ಓವರ್‌ಹೆಡ್ ಟ್ಯಾಂಕಿಂದ ಬರೋ ನೀರಿಗೆ 10 ಮೀಟರ್ ಎತ್ತರಕ್ಕೆ ಹತ್ತತ್ರ 1 ಬಾರ್ ಲೆಕ್ಕ, ಹಾಗಾಗಿ ನಿಮ್ಮ ವ್ಯಾನಿನ ನಲ್ಲಿ ಮೇಲೆ ಇರೋ ಒತ್ತಡ ಎಂಟು ಮಹಡಿ ಮೇಲೆ ಟ್ಯಾಂಕ್ ಇಟ್ಟ ಹಾಗಾಯ್ತು. ಮನೇಲಿ ಹಾಕಿದ್ರೆ ಸುಮ್ನಿರೋ ಹಳೇ ವಾಷರ್ರು ವ್ಯಾನಲ್ಲಿ ಸೋರೋದು ಇದಕ್ಕೇನೇ.

ಈಗ ಒಂದು ಪರೀಕ್ಷೆ ಮಾಡಿ. ಪಂಪ್ ಸ್ವಿಚ್ ಆಫ್ ಮಾಡಿ, ನಲ್ಲಿ ಪೂರ್ತಿ ತೆಗೆದು ಪೈಪಲ್ಲಿರೋ ಪ್ರೆಶರ್ ಬಿಟ್ಬಿಡಿ, ಮುಚ್ಚಿ, ಒಂದು ಹತ್ತು ನಿಮಿಷ ನೋಡಿ. ತೊಟ್ಟಿಕ್ಕೋದು ನಿಂತ್ರೆ, ಮತ್ತೆ ಪಂಪ್ ಹಾಕಿದ ತಕ್ಷಣ ಶುರುವಾದ್ರೆ ನಲ್ಲಿ ಒಳಗಿನ ಕಾರ್ಟ್ರಿಡ್ಜ್, ಅಂದ್ರೆ ನೀರು ಬಿಡೋ-ತಡೆಯೋ ಭಾಗ, ಹಿಡೀತಿಲ್ಲ ಅಂತ ಖಾತ್ರಿ. ನಲ್ಲಿ ಬಾಯಲ್ಲಿ ಒಂದು ಹನೀನೂ ಇಲ್ಲ ಆದ್ರೂ ಪಂಪ್ ಮಧ್ಯೆ ಮಧ್ಯೆ ಓಡ್ತಿದೆ ಅಂದ್ರೆ ಕಥೆ ಬೇರೆ: ಸಿಂಕ್ ಕೆಳಗೆ, ಹೀಟರ್ ಹತ್ರ, ಎಲ್ಲೋ ಜಾಯಿಂಟ್ ಸೋರ್ತಿದೆ, ಇಲ್ಲಾಂದ್ರೆ ಪಂಪ್ ಒಳಗಿನ ವಾಲ್ವಿಂದ ನೀರು ವಾಪಸ್ ಟ್ಯಾಂಕಿಗೆ ಇಳೀತಿದೆ. ಇನ್ನು ನಲ್ಲಿ ಮುಚ್ಚಿದ ಮೇಲೆ ನಾಲ್ಕೈದು ಹನಿ ಬಿದ್ದು ನಿಂತ್ಹೋದ್ರೆ ಅದು ಸೋರಿಕೆ ಅಲ್ಲ, ಬಾಯಲ್ಲಿರೋ ಏರೇಟರ್ ಜಾಲರೀಲಿ ನಿಂತ ನೀರು ಅಷ್ಟೇ.

ಹನಿ ಎಲ್ಲಿಂದ ಬರ್ತಿದೆ ಅಂತಾನೂ ಬೆರಳಿಟ್ಟು ನೋಡಿ. ಬಾಯಿಂದ ಬಂದ್ರೆ ಕಾರ್ಟ್ರಿಡ್ಜ್. ಹಿಡಿ ಕೆಳಗಿಂದ ಒಸರಿದ್ರೆ ಕಾರ್ಟ್ರಿಡ್ಜ್ ಮೇಲಿನ ನಟ್ ಸಡಿಲ ಆಗಿದೆ ಅಥವಾ ಅದರ ರಬ್ಬರ್ ಹೋಗಿದೆ. ಆ ಕಡೆ ಈ ಕಡೆ ತಿರುಗೋ ಕತ್ತಿನ ಬುಡದಿಂದ ಬಂದ್ರೆ ಓ ರಿಂಗ್ ಅನ್ನೋ ರಬ್ಬರ್ ಬಳೆ. ಟೆಫ್ಲಾನ್ ಟೇಪು ಇದ್ಯಾವುದಕ್ಕೂ ಮದ್ದಲ್ಲ, ಅದು ಮರೆ (ಸ್ಕ್ರೂ ಥರದ ಸುರುಳಿ ಗೆರೆ) ಇರೋ ಜಾಯಿಂಟಿಗೆ ಮಾತ್ರ. ಕನೆಕ್ಷನ್ ಪೈಪಿನ ನಟ್ ಒಳಗೆ ರಬ್ಬರ್ ವಾಷರ್ ಇದ್ರೆ ಅಲ್ಲೂ ಟೇಪ್ ಬೇಡ, ವಾಷರ್ ಸರಿಯಾಗಿ ಕೂರಲ್ಲ.

ಬಿಚ್ಚೋ ಕೆಲ್ಸ. ಪಂಪ್ ಆಫ್, ಹೀಟರ್ ಆಫ್ ಮಾಡಿ ಆರೋಕ್ ಬಿಡಿ, ಹೊರಗಿಂದ ಪೈಪ್ ಹಾಕಿದ್ರೆ ಅದನ್ನೂ ತೆಗೀರಿ, ಆಮೇಲೆ ನಲ್ಲಿ ಹಿಡಿನ ಬಿಸಿ ಕಡೆಗೂ ತಣ್ಣಗಿನ ಕಡೆಗೂ ತಿರುಗಿಸಿ ನೀರೆಲ್ಲಾ ಖಾಲಿ ಮಾಡಿ. ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕಿ, ಸಣ್ಣ ಸ್ಕ್ರೂ ಒಳಗೆ ಬಿದ್ರೆ ವೇಸ್ಟ್ ಟ್ಯಾಂಕಿಗೇ ಹೋಗುತ್ತೆ. ಹಿಡಿ ಮೇಲೆ ಕೆಂಪು-ನೀಲಿ ಗುರುತಿರೋ ಪುಟ್ಟ ಮುಚ್ಚಳ ಇರುತ್ತಲ್ಲ, ಅದನ್ನ ಉಗುರಲ್ಲಿ ಅಥವಾ ತೆಳು ಸ್ಕ್ರೂಡ್ರೈವರಲ್ಲಿ ಮೀಟಿದ್ರೆ ಬರುತ್ತೆ, ಒಳಗೆ ಅಲೆನ್ ಕೀ ಸ್ಕ್ರೂ (ತಲೇಲಿ ಆರು ಮೂಲೆ ತೂತಿರೋದು), ಸಾಮಾನ್ಯವಾಗಿ 2.5 ಅಥವಾ 3 ಎಂಎಂ. ಅದನ್ನ ಸಡಿಲಿಸಿ ಹಿಡಿನ ಮೇಲಕ್ಕೆ ಎಳೀರಿ. ಅದರ ಕೆಳಗಿನ ಗುಂಡು ಕವರ್ ಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿದ್ರೆ ಬರುತ್ತೆ. ಅದಾದ್ಮೇಲೆ ಕಾಣೋ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕ್ಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಸ್ಪ್ಯಾನರ್ ಒಂದ್ ಕೈಯಲ್ಲಿದ್ರೆ ಇನ್ನೊಂದ್ ಕೈ ನಲ್ಲಿ ಮೈ ಮೇಲೆ ಇರ್ಲೇಬೇಕು. ಮನೇಲಾದ್ರೆ ನಲ್ಲಿ ಗ್ರಾನೈಟಲ್ಲೋ ಗೋಡೇಲೋ ಗಟ್ಟಿಯಾಗಿ ಕೂತಿರುತ್ತೆ, ವ್ಯಾನಲ್ಲಿ ಅದು ಕೂತಿರೋದು ತೆಳು ಸ್ಟೀಲ್ ಶೀಟಿನ ಮೇಲೆ, ಅದರಡಿ ಪ್ಲೈವುಡ್. ಜೋರಾಗಿ ತಿರುಗಿಸಿದ್ರೆ ಇಡೀ ನಲ್ಲಿ ತಿರುಗಿ ಕೆಳಗಿನ ಎರಡೂ ಪೈಪ್ ತಿರುಚ್ಕೊಳ್ಳುತ್ತೆ, ಆಗ ಮೇಲಿನ ಸೋರಿಕೆ ಹೋಗಿ ಕೆಳಗೆ ಸೋರಿಕೆ ಶುರು, ಅದು ಕಣ್ಣಿಗೆ ಬೀಳಲ್ಲ, ಪ್ಲೈವುಡ್ ಕೊಳೆತು ಊದ್ಕೊಂಡ ಮೇಲೇ ಗೊತ್ತಾಗೋದು. ಪ್ರತಿ ಹಂತದಲ್ಲೂ ಮೊಬೈಲಲ್ಲಿ ಒಂದೊಂದು ಫೋಟೋ ತೆಗೆದಿಟ್ಕೊಳ್ಳಿ ಅಂತ ಮಗನಿಗೆ ಹೇಳಿ.

ಕಾರ್ಟ್ರಿಡ್ಜ್ ಹೊರಗೆ ಬಂದ ಮೇಲೆ ಅದರ ತಳ ನೋಡಿ. ಒಳಗೆ ಎರಡು ಸೆರಾಮಿಕ್ ಬಿಲ್ಲೆ ಒಂದರ ಮೇಲೊಂದು ಜಾರ್ತಾ ನೀರು ಬಿಡೋದು, ತಡೆಯೋದು ಮಾಡುತ್ತೆ, ತಳದಲ್ಲಿ ರಬ್ಬರ್ ಸೀಲ್ ಇರುತ್ತೆ. ನಿಮ್ಮದು ಬೋರ್ ನೀರು ಅಂದಿದ್ದಕ್ಕೆ ನನಗೆ ಮೊದಲ ಅನುಮಾನ ಬಿಳಿ ಉಪ್ಪಿನ ಮೇಲೇ. ಕುಡಿಯೋ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 600ರವರೆಗೂ ಬಿಡಬಹುದು ಅಂತಿದೆ. ನಮ್ಮೂರಲ್ಲಿ ಎಷ್ಟೋ ಬೋರ್‌ವೆಲ್ ನೀರು ಗಡಸು, ಗೀಸರ್ ಕಾಯಿಲ್ ಮೇಲೆ ಕಟ್ಟೋ ಅದೇ ಪದರ ನಲ್ಲಿ ಒಳಗೂ ಕಟ್ಟುತ್ತೆ. ಇನ್ನೊಂದು ಅನುಮಾನ ಕಸ. ವ್ಯಾನ್ ಮಾಡೋವಾಗ ಪ್ಲಾಸ್ಟಿಕ್ ಟ್ಯಾಂಕಿಗೆ ಡ್ರಿಲ್ ಹಾಕ್ತಾರಲ್ಲ, ಆ ಸುರುಳಿ ಸುರುಳಿ ಚೂರು ಒಳಗೇ ಉಳ್ಕೊಂಡು ಆಮೇಲೆ ಪೈಪಲ್ಲಿ ಬಂದು ಬಿಲ್ಲೆ ಮಧ್ಯೆ ಸಿಕ್ಕಾಕ್ಕೊಳ್ಳುತ್ತೆ. ಚಾಕು, ಪಿನ್ನು ಹಾಕಿ ಕೆರೀಬೇಡಿ, ಸೆರಾಮಿಕ್ ಮೇಲೆ ಸಣ್ಣ ಗೀರು ಬಿದ್ರೂ ಅದು ಮತ್ತೆ ಹಿಡಿಯಲ್ಲ. ಬೆಚ್ಚಗಿನ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಅಥವಾ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿಟ್ಟು, ಹಳೇ ಟೂತ್‌ಬ್ರಷಲ್ಲಿ ಮೆತ್ತಗೆ ಉಜ್ಜಿ ತೊಳೀರಿ. ನಲ್ಲಿ ಮೈಯೊಳಗೆ ಕಾರ್ಟ್ರಿಡ್ಜ್ ಕೂರೋ ಜಾಗಾನೂ ಒದ್ದೆ ಬಟ್ಟೇಲಿ ಒರೆಸಿ. ರಬ್ಬರಿಗೆ ಹಚ್ಚೋದಾದ್ರೆ ಸಿಲಿಕೋನ್ ಗ್ರೀಸ್ ಒಂಚೂರು. ವ್ಯಾಸಲಿನ್ನೋ ಗಾಡಿ ಗ್ರೀಸೋ ಹಚ್ಬೇಡಿ, ನಲ್ಲೀಲಿ ಹಾಕೋ ಕೆಲವು ಜಾತಿ ರಬ್ಬರ್ ಪೆಟ್ರೋಲಿಯಂ ತಾಗಿದ್ರೆ ಊದ್ಕೊಳ್ಳುತ್ತೆ.

ತೊಳೆದು ಹಾಕಿದ್ರೂ ತೊಟ್ಟಿಕ್ಕಿದ್ರೆ ಹೊಸ ಕಾರ್ಟ್ರಿಡ್ಜ್ ತನ್ನಿ. ಹಳೇದನ್ನ ಜೇಬಲ್ಲಿ ಹಾಕ್ಕೊಂಡೇ ಅಂಗಡಿಗೆ ಹೋಗ್ಲಿ, ಫೋಟೋ ಸಾಲದು. ನಮ್ಮಲ್ಲಿ 35 ಎಂಎಂ, 40 ಎಂಎಂ ಎರಡೂ ಬರುತ್ತೆ, ನೋಡೋಕೆ ಒಂದೇ ಥರ, ಜೊತೆಗೆ ಎತ್ತರ ಬೇರೆ, ತಳದ ಪಿನ್ ಜಾಗ ಬೇರೆ. ನಿಮ್ಮ ಏರಿಯಾದ ಸ್ಯಾನಿಟರಿ ಅಂಗಡೀಲೇ ಕೇಳಿ ನೋಡಿ, ಸಿಗದಿದ್ರೆ ಆ ನಲ್ಲಿ ಕಂಪನಿ ಡೀಲರ್ ಹತ್ರ ಕೇಳಿ. ಸಿಕ್ಕಾಗ ಎರಡು ತಗೊಂಡು ಒಂದನ್ನ ವ್ಯಾನಲ್ಲೇ ಇಟ್ಟಿರಿ, ಸಕಲೇಶಪುರದ ಘಾಟಿ ಮಧ್ಯೆ ನಲ್ಲಿ ಕೆಟ್ರೆ ಎಲ್ಲಿ ಹುಡುಕ್ತೀರಾ.

ವಾಪಸ್ ಹಾಕೋವಾಗ ತಳದ ಪಿನ್‌ಗಳು ತೂತಿಗೆ ಸರಿಯಾಗಿ ಕೂತ್ಮೇಲೇ ನಟ್ ಬಿಗೀರಿ, ಹದವಾಗಿ ಬಿಗೀರಿ, ಅತಿಯಾಗಿ ಬಿಗಿದ್ರೆ ಹಿಡಿ ಗಟ್ಟಿಯಾಗಿ ತಿರುಗಲ್ಲ. ಆಮೇಲೆ ನಲ್ಲಿ ತೆಗೆದಿಟ್ಟೇ ಪಂಪ್ ಆನ್ ಮಾಡಿ, ಗಾಳಿ ಎಲ್ಲಾ ಬುಸ್ ಬುಸ್ ಅಂತ ಹೋಗಿ ನೀರು ಒಂದೇ ಸಮ ಬಂದ ಮೇಲೆ ಮುಚ್ಚಿ. ಈಗ ಸಿಂಕ್ ಕೆಳಗೆ ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಪೇಪರ್ ಒತ್ತಿ ನೋಡಿ, ನಮ್ಮ ರಸ್ತೆಗಳ ಹಂಪು, ಗುಂಡಿ ಎಲ್ಲಾ ಹಾರಿ ಹಾರಿ ವ್ಯಾನಿನ ನಟ್‌ಗಳು ಸಡಿಲ ಆಗ್ತಾನೇ ಇರುತ್ತೆ, ಇದನ್ನ ಪ್ರತಿ ದೊಡ್ಡ ಟ್ರಿಪ್ ಆದ್ಮೇಲೂ ಮಾಡಿ. ಪಂಪ್‌ಗೆ ಮುಂಚೆ ಒಂದು ಪಾರದರ್ಶಕ ಡಬ್ಬಿ ಥರ ಸ್ಟ್ರೇನರ್, ಅಂದ್ರೆ ಕಸ ಸೋಸೋ ಜಾಲರಿ ಇರುತ್ತೆ, ಅದನ್ನೂ ಬಿಚ್ಚಿ ತೊಳೀರಿ. ಇಲ್ಲದೇ ಇದ್ರೆ ಹಾಕಿಸಿ, ನಲ್ಲಿಗೂ ಒಳ್ಳೇದು, ಪಂಪ್‌ಗೂ ಒಳ್ಳೇದು.

ಹನಿ ತಾನೇ, ಹೋಗ್ಲಿ ಬಿಡು ಅಂತ ಮಾತ್ರ ಬಿಡ್ಬೇಡಿ. ಸೆಕೆಂಡಿಗೊಂದು ಹನಿ ಬಿದ್ರೆ, ಒಂದು ಹನಿ ಕಾಲು ಮಿಲಿಲೀಟರ್ ಅಂದ್ಕೊಂಡ್ರೂ ದಿನಕ್ಕೆ 21 ಲೀಟರ್ ಮೇಲೆ ಆಗುತ್ತೆ. ನಿಮ್ಮ ಟ್ಯಾಂಕ್ 60 ಲೀಟರಿಂದಾದ್ರೆ ನೀವು ಒಂದು ಲೋಟ ನೀರು ಬಳಸದೇನೇ ಮೂರು ದಿನದೊಳಗೆ ಖಾಲಿ, ಅಷ್ಟೂ ನೀರು ಕೆಳಗಿನ ವೇಸ್ಟ್ ಟ್ಯಾಂಕ್ ತುಂಬಿಸುತ್ತೆ, ಬ್ಯಾಟರೀನೂ ಇಳಿಸುತ್ತೆ. 2024ರ ಬೇಸಿಗೇಲಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಮಾಡಿತ್ತಲ್ಲ, ಆಗ ಒಂದೊಂದು ಟ್ಯಾಂಕರಿಗೂ ಜನ ಪಟ್ಟ ಪಾಡು ನೋಡಿದ ಊರು ನಮ್ಮದು, 21 ಲೀಟರ್ ಅಂದ್ರೆ ಅಂಗಡಿಯಿಂದ ತರೋ ಒಂದು ಕ್ಯಾನ್ ನೀರು.

ರಿಪೇರಿ ಆಗೋವರೆಗೆ ರಾತ್ರಿ ಮಲಗೋವಾಗ ಪಂಪ್ ಸ್ವಿಚ್ ಆಫ್ ಮಾಡಿ ಮಲಗಿ. ರಿಪೇರಿ ಆದ್ಮೇಲೂ ಅದೇ ಅಭ್ಯಾಸ ಇಟ್ಕೊಳ್ಳಿ, ಗಾಡಿ ಓಡಿಸೋವಾಗಲೂ ಅಷ್ಟೇ. ಓಡೋ ಗಾಡೀಲಿ ಒಂದು ಪೈಪ್ ಕಳಚ್ಕೊಂಡ್ರೆ ಪಂಪ್ ಪ್ರೆಶರ್ ಇಳೀತು ಅಂತ ಓಡ್ತಾನೇ ಇರುತ್ತೆ, ಇಡೀ ಟ್ಯಾಂಕ್ ನೆಲಕ್ಕೆ ಸುರಿದು ಮುಗಿಸುತ್ತೆ.

ಪ್ರಶ್ನೆ: ಎಚ್‌ಎಸ್‌ಆರ್ ಲೇಔಟಿಂದ ಬರೀತಿದೀನಿ ಸರ್. ಸೆಕೆಂಡ್ ಹ್ಯಾಂಡ್ ಕ್ಯಾಂಪರ್‌ವ್ಯಾನ್ ತಗೊಂಡೆ, ಅದರಲ್ಲಿ ಮಡಚೋ ಥರದ ಪ್ಲಾಸ್ಟಿಕ್ ನಲ್ಲಿ ಇತ್ತು, ತೊಟ್ಟಿಕ್ತಿತ್ತು ಅಂತ ತೆಗೆಸಿ ಮನೆಗೆ ಹಾಕೋ ಹಿತ್ತಾಳೆ ನಲ್ಲಿ ಹಾಕಿಸ್ದೆ. ಈಗ ನೀರೇ ಬರ್ತಿಲ್ಲ, ಪಂಪ್ ಸದ್ದೇ ಇಲ್ಲ. ಹಳೇ ನಲ್ಲಿಯಿಂದ ಎರಡು ಸಣ್ಣ ವೈರ್ ಬಂದಿತ್ತು, ಪ್ಲಂಬರ್ ಅದನ್ನ ಕಟ್ ಮಾಡಿ ಟೇಪ್ ಸುತ್ತಿದಾರೆ.

ಉತ್ತರ: ಆ ಎರಡು ವೈರೇ ನಿಮ್ಮ ಪಂಪಿನ ಸ್ವಿಚ್ಚು. ನಿಮ್ಮ ವ್ಯಾನಲ್ಲಿ ಪ್ರೆಶರ್ ಪಂಪ್ ಇಲ್ಲ, ಟ್ಯಾಂಕ್ ಒಳಗೆ ಮುಳುಗಿರೋ ಸಣ್ಣ ಸಬ್‌ಮರ್ಸಿಬಲ್ ಪಂಪ್ ಇದೆ, ನಲ್ಲಿ ಹಿಡಿ ಎತ್ತಿದ ತಕ್ಷಣ ನಲ್ಲಿಯೊಳಗಿನ ಮೈಕ್ರೋಸ್ವಿಚ್ ಒತ್ತಿ ಪಂಪಿಗೆ ಕರೆಂಟ್ ಹೋಗುತ್ತೆ, ಮುಚ್ಚಿದ್ರೆ ನಿಲ್ಲುತ್ತೆ. ಮನೆ ನಲ್ಲೀಲಿ ಆ ಸ್ವಿಚ್ಚೇ ಇರಲ್ಲ, ಹಾಗಾಗಿ ಪಂಪಿಗೆ ನಲ್ಲಿ ತೆಗೆದಿದ್ದು ಗೊತ್ತಾಗೋದು ಹೇಗೆ. ವ್ಯಾನಿಗೆ ನಲ್ಲಿ ತರೋ ಪ್ರತಿಯೊಬ್ರೂ ಮೊದ್ಲು ಸಿಂಕ್ ಕೆಳಗೆ ಬಗ್ಗಿ ವೈರ್ ಇದ್ಯಾ ಅಂತ ನೋಡ್ಬೇಕು ಅಂತ ನಾನು ಒತ್ತಿ ಹೇಳೋದು ಅದಕ್ಕೇ.

ಹಳೇ ನಲ್ಲಿ ಎಸೆದಿಲ್ಲ ತಾನೆ? ಇದ್ರೆ ಅದನ್ನೇ ರಿಪೇರಿ ಮಾಡಿಸಿ ಹಾಕೋದು ನನ್ನ ಪ್ರಕಾರ ಉತ್ತಮ. ಇಂಥ ನಲ್ಲೀಲಿ ತೊಟ್ಟಿಕ್ಕೋಕೆ ಎರಡು ಕಾರಣ ಇರಬಹುದು. ಒಂದು ಒಳಗಿನ ಸೀಲ್ ಸವೆದಿರೋದು. ಇನ್ನೊಂದು, ಮುಚ್ಚಿದ ಮೇಲೂ ಮೈಕ್ರೋಸ್ವಿಚ್ ಬಿಡದೇ ಪಂಪ್ ಗುಂಯ್ ಅಂತ ತಳ್ತಾನೇ ಇರೋದು. ಮುಚ್ಚಿದ ನಲ್ಲಿ ಜೊತೆ ಟ್ಯಾಂಕಿಂದ ಸದ್ದು ಬರ್ತಿದ್ರೆ ಅದು ಸ್ವಿಚ್ ತೊಂದ್ರೇನೇ, ಆ ಪಂಪ್ ಹಾಗೇ ಬಿಟ್ರೆ ಸುಟ್ಟುಹೋಗುತ್ತೆ. ಮೈಕ್ರೋಸ್ವಿಚ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಸಿಗುತ್ತೆ, ಹಳೇದನ್ನ ತೋರ್ಸಿ ಅದೇ ಅಳತೇದು ಕೇಳಿ. ಒಂದು ಎಚ್ಚರ: ಸ್ವಿಚ್ ಮೇಲೆ ಬರೆದಿರೋ ಆಂಪಿಯರ್ 250 ವೋಲ್ಟ್ ಎಸಿಗೆ ಅಂತಿದ್ರೆ ಅದೇ ಲೆಕ್ಕ ನಿಮ್ಮ ಡಿಸಿ ಪಂಪಿಗೆ ಬರಲ್ಲ, ಡಿಸಿ ರೇಟಿಂಗ್ ಎಷ್ಟು ಅಂತ ಬೇರೆ ಕೇಳಿ, ಪಂಪ್ ಎಳೆಯೋ ಕರೆಂಟಿಗಿಂತ ಜಾಸ್ತಿ ಇರ್ಬೇಕು.

ಹಿತ್ತಾಳೆ ನಲ್ಲೀನೇ ಇರ್ಲಿ ಅಂದ್ರೆ ಸಿಂಕ್ ಪಕ್ಕ ಒತ್ತಿ ಹಿಡಿದಾಗ ಮಾತ್ರ ಆನ್ ಆಗೋ ಪುಶ್ ಸ್ವಿಚ್ ಒಂದು ಹಾಕಿಸ್ಕೊಳ್ಳಿ. ನಲ್ಲಿ ತೆರೆದು ಸ್ವಿಚ್ ಒತ್ತಿ, ಮೊದ್ಲು ಸ್ವಿಚ್ ಬಿಟ್ಟು ಆಮೇಲೆ ನಲ್ಲಿ ಮುಚ್ಚಿ. ಪ್ರೆಶರ್ ಪಂಪಿಗೇ ಬದಲಾಯ್ಸೋ ಯೋಚನೆ ಇದ್ರೆ ಪೈಪು, ಕ್ಲಿಪ್ಪು ಎಲ್ಲಾ ಆ ಒತ್ತಡ ತಡೆಯುತ್ತಾ ಅಂತ ಮೊದ್ಲು ನೋಡ್ಸಿ. ಸಬ್‌ಮರ್ಸಿಬಲ್ ಪಂಪಿನ ಒತ್ತಡ ತುಂಬಾ ಕಡಿಮೆ, ಅದಕ್ಕೆ ಅಂತ ಹಾಕಿರೋ ಮೆತ್ತನೆ ಪೈಪ್ 2 ಬಾರ್ ದಾಟಿದ್ರೆ ಜಾಯಿಂಟಲ್ಲಿ ಕಿತ್ಕೊಂಡು ಬರಬಹುದು.

ಪ್ರಶ್ನೆ: ನಮ್ಮ ವ್ಯಾನಲ್ಲಿ 10 ಲೀಟರ್ ವಾಟರ್ ಹೀಟರ್ ಇದೆ. ಬೆಳಿಗ್ಗೆ ಹೀಟರ್ ಹಾಕಿದಾಗ ಮಾತ್ರ ಕಿಚನ್ ಸಿಂಕಿನ ನಲ್ಲಿ ತೊಟ್ಟಿಕ್ಕುತ್ತೆ, ಮಿಕ್ಕ ಟೈಮಲ್ಲಿ ಏನೂ ಇಲ್ಲ. ಕಾರ್ಟ್ರಿಡ್ಜ್ ಹೊಸದು ಹಾಕಿಸ್ದೆ, ಆದ್ರೂ ಅದೇ ಕಥೆ. (ಮಲ್ಲೇಶ್ವರದ ಓದುಗರು)

ಉತ್ತರ: ಇದು ನಲ್ಲಿ ತಪ್ಪಲ್ಲ ಸರ್, ನೀರು ಕಾದ್ರೆ ಹಿಗ್ಗುತ್ತೆ. 15 ಡಿಗ್ರಿ ಇರೋ 10 ಲೀಟರ್ ನೀರನ್ನ 60 ಡಿಗ್ರಿಗೆ ಕಾಯಿಸಿದ್ರೆ ಹತ್ತತ್ರ 160 ಮಿಲಿಲೀಟರ್ ಜಾಸ್ತಿ ಆಗುತ್ತೆ, ಅಂದ್ರೆ ಒಂದು ಸಣ್ಣ ಲೋಟ. ಪಂಪ್ ಕಡೆ ಒನ್‌ವೇ ವಾಲ್ವ್ ಇರೋದ್ರಿಂದ ಆ ನೀರು ಹಿಂದಕ್ಕೆ ಹೋಗೋ ಹಾಗಿಲ್ಲ, ಒತ್ತಡ ಏರ್ತಾ ಏರ್ತಾ ಎಲ್ಲಿ ಸ್ವಲ್ಪ ಸಡಿಲ ಇದ್ಯೋ ಅಲ್ಲಿ ಬರುತ್ತೆ, ನಿಮ್ಮಲ್ಲಿ ನಲ್ಲಿ ಬಾಯಲ್ಲಿ ಬರ್ತಿದೆ. ಪಂಪ್ ಆದ್ಮೇಲೆ ಲೈನಲ್ಲಿ ಒಂದು ಸಣ್ಣ ಅಕ್ಯುಮುಲೇಟರ್ ಟ್ಯಾಂಕ್ ಹಾಕಿಸಿ, ಅದರೊಳಗೆ ಒಂದು ಕಡೆ ಗಾಳಿ ಇರುತ್ತೆ, ಹಿಗ್ಗಿದ ನೀರಿಗೆ ಅದು ಜಾಗ ಬಿಡುತ್ತೆ, ಪಂಪ್ ಪದೇ ಪದೇ ಆನ್-ಆಫ್ ಆಗೋದೂ ಕಮ್ಮಿಯಾಗುತ್ತೆ.

ಹೀಟರ್ ಹತ್ರ ಇರೋ ಸೇಫ್ಟಿ ವಾಲ್ವಿಂದ ನೀರು ಹನಿಯೋದು ಕಂಡ್ರೆ ಅದನ್ನ ಯಾವ ಕಾರಣಕ್ಕೂ ಮುಚ್ಚಬೇಡಿ, ಎಂಡ್ ಕ್ಯಾಪ್ ಹಾಕಿಸಬೇಡಿ. ಒತ್ತಡ ಹೊರಗೆ ಬಿಡೋಕೆ ಅಂತಲೇ ಇರೋದು ಅದು, ಅದನ್ನ ಕಟ್ಟಿದ್ರೆ ಹೀಟರ್ ಸಿಡಿಯೋ ಅಪಾಯ ಇದೆ. ಹೀಟರ್ ಆಫ್ ಇದ್ದಾಗ್ಲೂ ಅಲ್ಲಿಂದ ಹನೀತಾ ಇದ್ರೆ ವಾಲ್ವ್ ಬದಲಾಯ್ಸಿ.

ಪ್ರಶ್ನೆ: ನಲ್ಲಿ ಬಾಯಿ, ಏರೇಟರ್ ಪೂರ್ತಿ ಬಿಳಿ ಕಟ್ಟಿದೆ. ಬಾತ್‌ರೂಮ್ ತೊಳೆಯೋ ಆಸಿಡ್ ಹಾಕಿದ್ರೆ ಬೇಗ ಹೋಗುತ್ತೆ ಅಂತಾರೆ, ಹಾಕ್ಲಾ? (ಯಲಹಂಕದ ಓದುಗರು)

ಉತ್ತರ: ಬೇಡಮ್ಮ. ಬಿಳಿ ಹೋಗುತ್ತೆ, ಜೊತೆಗೆ ಕ್ರೋಮ್ ಪಾಲಿಶೂ ಹೋಗುತ್ತೆ, ಅದರಡಿ ಹಿತ್ತಾಳೇನೂ ತಿನ್ನುತ್ತೆ, ಅದೂ ಅಲ್ದೆ ಕಿಟಕಿ ಮುಚ್ಚಿದ ವ್ಯಾನೊಳಗೆ ಆ ಹೊಗೆ ಕುಡಿಯೋದು ಯಾಕೆ. ಏರೇಟರ್ ತಿರುಗಿಸಿ ಬಿಚ್ಚಿ ನಿಂಬೆ ಉಪ್ಪಿನ ನೀರಲ್ಲಿ ಹಾಕಿಡಿ. ಬಾಯಿಗೆ ಅದೇ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿ ತೊಳೀರಿ, ಒಂದ್ಸಲಕ್ಕೆ ಹೋಗದಿದ್ರೆ ಮತ್ತೊಂದ್ಸಲ ಮಾಡಿ. ಟ್ಯಾಂಕ್ ಕ್ಲೀನ್ ಮಾಡೋಕೆ ಬ್ಲೀಚಿಂಗ್ ಹಾಕೋ ಪ್ಲಾನ್ ಇದ್ರೆ ಅದನ್ನ ಬೇರೆ ದಿನ ಇಟ್ಕೊಳ್ಳಿ, ಹುಳಿಯಾಗಿರೋ ಯಾವುದರ ಜೊತೆ ಬ್ಲೀಚಿಂಗ್ ಸೇರಿದ್ರೂ ಕ್ಲೋರಿನ್ ಗ್ಯಾಸ್ ಏಳುತ್ತೆ, ಮಧ್ಯೆ ಎರಡು ಮೂರು ಸಲ ಬರೀ ನೀರು ಹಾಯಿಸಿ ಖಾಲಿ ಮಾಡಿದ್ಮೇಲೇ ಹಾಕಿ.